ಬಾಗಿಲಿಗೆ ಬಂದ ಗೀಸರ್: ಕೊಳ್ಳುವ ಮೊದಲು ಬಿಸಿನೀರಿನ ಲೆಕ್ಕ



ಬೆಳಗಿನ ಹಾಲು ಸೊಸೈಟಿಗೆ ಕೊಟ್ಟು, ಹಟ್ಟಿ ತೊಳೆದು, ಒಂದು ಲೋಟ ಚಾ ಕುಡಿಯಲು ಕೂತ ಹೊತ್ತಿಗೆ ಗೇಟಿನ ಹತ್ತಿರ ಯಾರೋ ಕರೆಯುತ್ತಾರೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಬಣ್ಣದ ಪುಸ್ತಕ. "ಹೊಸ ಟೆಕ್ನಾಲಜಿ ಗೀಸರ್ ಅಕ್ಕ, ಕರೆಂಟು ಅರ್ಧ ಸಾಕು. ಇವತ್ತು ಮಾತ್ರ ಈ ರೇಟು." ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಸಮಯ ನೋಡಿಯೇ ಇಂಥವರು ಬರುತ್ತಾರೆ. ಬೋಳಾರದಂತಹ ಕಡೆ ಮನೆಗೆ ಮನೆ ತಾಗಿಕೊಂಡಿರುವುದರಿಂದ ಅವರಿಗೆ ಒಂದೇ ಬೆಳಿಗ್ಗೆ ಹತ್ತಾರು ಬಾಗಿಲು ಸಿಗುತ್ತದೆ. ಹಟ್ಟಿ ಇರುವ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಬಿಸಿನೀರು ಬೇಕೆಂಬುದೂ, ಹಾಲಿನ ಬಟವಾಡೆ ಕೈಸೇರುತ್ತದೆಂಬುದೂ ಅವರಿಗೆ ಗೊತ್ತು.

ಬಾಗಿಲಿಗೆ ಬಂದು ಮಾರುವವರೆಲ್ಲ ಮೋಸಗಾರರಲ್ಲ. ಹೊಟ್ಟೆಪಾಡಿಗೆ ಬಿಸಿಲಲ್ಲಿ ನಡೆಯುವ ಹುಡುಗ ಹುಡುಗಿಯರೇ ಹೆಚ್ಚು. ಆದರೆ ಅವರು ಹೇಳುವ ಮಾತು ನಿಜವೋ ಅಲ್ಲವೋ ಎಂದು ತೂಗಿ ನೋಡಲು ನಿಮ್ಮ ಕೈಯಲ್ಲೊಂದು ಲೆಕ್ಕ ಇರಬೇಕು. ಲೀಟರಿಗೆ ₹40ರಂತೆ ಇಟ್ಟುಕೊಂಡರೂ ₹8,000ದ ಒಂದು ಯಂತ್ರ ಎಂದರೆ 200 ಲೀಟರ್ ಹಾಲು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಅದು 20 ದಿನದ ದುಡಿಮೆ, ಅದರಲ್ಲೂ ಹಿಂಡಿಯ ಖರ್ಚು ಕಳೆಯದೆ.

ಹಟ್ಟಿಗೆ ಎಷ್ಟು ಬಿಸಿನೀರು ಬೇಕು?

ಮೊದಲು ಇದನ್ನು ತಿಳಿದುಕೊಳ್ಳಿ. ಕೆಚ್ಚಲು ತೊಳೆಯಲು ಕೈಗೆ ಹಿತವಾಗುವಷ್ಟು, ಸುಮಾರು 40 ಡಿಗ್ರಿಯ ಉಗುರುಬೆಚ್ಚಗಿನ ನೀರು ಸಾಕು. ಒಂದು ಹಸುವಿಗೆ ಎರಡು ಮೂರು ಲೀಟರ್. ನಮ್ಮ ಕರಾವಳಿಯಲ್ಲಿ ನಲ್ಲಿಯ ನೀರೇ ಹೆಚ್ಚಿನ ದಿನ 27 ಡಿಗ್ರಿ ಆಸುಪಾಸು ಇರುತ್ತದೆ. 60 ಡಿಗ್ರಿಯ ನಾಲ್ಕು ತಂಬಿಗೆ ನೀರಿಗೆ ಆರು ತಂಬಿಗೆ ತಣ್ಣೀರು ಬೆರೆಸಿದರೆ ಬೇಕಾದ ಹದ ಸಿಗುತ್ತದೆ. ಹೀಗೆ ತೊಳೆದು, ಶುಭ್ರ ಬಟ್ಟೆಯಲ್ಲಿ ಒರೆಸಿದರೆ ಹಸು ಸೊರೆಬಿಡುವುದೂ ಸುಲಭ, ಕೊಳೆ ಹಾಲಿಗೆ ಬೀಳುವುದೂ ಕಡಿಮೆ.

ನಿಜವಾಗಿ ಬಿಸಿನೀರು ಬೇಕಾಗುವುದು ಪಾತ್ರೆಗೆ. ಇಲ್ಲಿ ಒಂದು ಕ್ರಮವಿದೆ. ಹಾಲು ಸುರಿದ ಕೂಡಲೇ ಕುದಿಯುವ ನೀರು ಹಾಕಬೇಡಿ. ಹಾಲಿನ ಪ್ರೋಟೀನು ಬಿಸಿಗೆ ಬೆಂದು ಕ್ಯಾನಿನ ಒಳಮೈಗೆ ಅಂಟಿಕೊಳ್ಳುತ್ತದೆ. ಅದೇ ಪದರ ದಿನಗಳೆದಂತೆ ಹಾಲುಗಲ್ಲಾಗಿ, ಅದರೊಳಗೆ ರೋಗಾಣುಗಳು ಮನೆ ಮಾಡುತ್ತವೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಜಾಲಾಡಿ. ನಂತರ ಕೈ ತಡೆಯದಷ್ಟು ಬಿಸಿ ನೀರಿಗೆ ಹೈನು ಪಾತ್ರೆಗೆಂದೇ ಇರುವ ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಚೆನ್ನಾಗಿ ತೊಳೆದು, ಬಿಸಿಲಿಗೆ ಬೋರಲು ಹಾಕಿ. ಘಮಘಮ ಎನ್ನುವ ಸೋಪು ಬೇಡ, ವಾಸನೆ ಹಾಲಿಗೆ ಬರುತ್ತದೆ.

ಎರಡು ಮೂರು ಹಸುಗಳ ಹಟ್ಟಿಗೆ ಒಂದು ಹೊತ್ತಿಗೆ ಎಲ್ಲ ಸೇರಿ 15 ಲೀಟರ್ ಬಿಸಿನೀರು ಧಾರಾಳ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಯಾವ ಯಂತ್ರಕ್ಕೂ ತಪ್ಪಿಸಲಾಗದ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಮೀಟರಿನ ಒಂದು ಯೂನಿಟ್ ಕರೆಂಟು ಎಂದರೆ 860 ಕಿಲೋಕ್ಯಾಲರಿ. 27 ಡಿಗ್ರಿಯ 15 ಲೀಟರ್ ನೀರನ್ನು 60ಕ್ಕೆ ಏರಿಸಬೇಕೆಂದರೆ 15ನ್ನು 33ರಿಂದ ಗುಣಿಸಿ: 495. ಅದನ್ನು 860ರಿಂದ ಭಾಗಿಸಿದರೆ 0.58 ಯೂನಿಟ್. ದಿನಕ್ಕೆ ಎರಡು ಹೊತ್ತು, ತಿಂಗಳಿಗೆ ಸುಮಾರು 35 ಯೂನಿಟ್.

ಕರೆಂಟಿನ ಕಡ್ಡಿಯಿಂದ ನೀರು ಕಾಯಿಸುವ ಯಾವ ಯಂತ್ರಕ್ಕೂ, ಅದು ಯಾವ ಕಂಪನಿಯದ್ದಾಗಲಿ, ಇದಕ್ಕಿಂತ ಕಡಿಮೆಯಲ್ಲಿ ಆ ಕೆಲಸ ಆಗುವುದಿಲ್ಲ. 1,000 ವ್ಯಾಟಿನ ರಾಡ್ ಈ ನೀರಿಗೆ 35 ನಿಮಿಷ ತೆಗೆದುಕೊಂಡರೆ 3,000 ವ್ಯಾಟಿನ ಗೀಸರ್ 12 ನಿಮಿಷ ತೆಗೆದುಕೊಳ್ಳುತ್ತದೆ. "ನೋಡಿ ಅಕ್ಕ, ಮೂರರಲ್ಲಿ ಒಂದು ಪಾಲು ಸಮಯ, ಅಷ್ಟೇ ಕರೆಂಟು" ಎಂದು ಹೇಳುವುದು ಇಲ್ಲಿಯೇ. ಸಮಯ ಮೂರರಲ್ಲಿ ಒಂದು ಪಾಲಾದರೂ ಪ್ರತಿ ನಿಮಿಷ ಎಳೆಯುವ ಕರೆಂಟು ಮೂರು ಪಟ್ಟು. ಸಣ್ಣ ಕೊಡದಲ್ಲಿ ಮೂರು ಸಲ ತಂದು ಹಾಕಿದರೂ ದೊಡ್ಡ ಕೊಡದಲ್ಲಿ ಒಂದೇ ಸಲ ತಂದರೂ ಡ್ರಮ್ಮಿಗೆ ಬಿದ್ದ ನೀರು ಅಷ್ಟೇ ಅಲ್ಲವೇ? ಹಾಗೆಯೇ ಇದು.

ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ವಿಷಯ ಗಮನಿಸಬೇಕು. 200 ಯೂನಿಟ್‌ವರೆಗೆ ಉಚಿತ ಎಂದು ಹೇಳಿದರೂ ಪ್ರತಿ ಮನೆಗೆ ಅದರದ್ದೇ ಮಿತಿ ಇದೆ. 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಆ ಮಿತಿ ಹಾಕಿದ್ದಾರೆ. ತೀರಾ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಶೇಕಡಾವಾರಿನ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 35 ಯೂನಿಟ್ ಏರಿದರೆ ಎಷ್ಟೋ ಮನೆಯಲ್ಲಿ ಸೊನ್ನೆ ಬಿಲ್ಲು ಸೊನ್ನೆಯಾಗಿ ಉಳಿಯುವುದಿಲ್ಲ. ಹೊಸ ಗೀಸರ್ ಯೋಚಿಸುವ ಮೊದಲು ಮೆಸ್ಕಾಂ ಬಿಲ್ಲು ತೆಗೆದು ನಿಮ್ಮ ಮಿತಿ ಎಷ್ಟಿದೆ ನೋಡಿ.

ಒಂದೊಂದರ ಗುಣ, ಒಂದೊಂದರ ದೋಷ

ಹಂಡೆ ಒಲೆ: ಬಚ್ಚಲಲ್ಲಿ ಹಂಡೆ ಉಳಿಸಿಕೊಂಡವರು ಅದನ್ನು ಕೀಳಿಸುವ ಅವಸರ ಮಾಡಬೇಡಿ. ಮಡಲು, ಗೆರಟೆ, ತೆಂಗಿನ ಸಿಪ್ಪೆ ಮನೆಯಲ್ಲೇ ಸಿಗುವುದಾದರೆ ಇದಕ್ಕಿಂತ ಅಗ್ಗದ ಬಿಸಿನೀರು ಇಲ್ಲ. ಹೊಗೆ ಹೊರಗೆ ಹೋಗಲು ದಾರಿ ಇರಲಿ. ಅಕ್ಕಪಕ್ಕದ ಮನೆಯವರಿಗೆ ಹೊಗೆ ತೊಂದರೆಯಾಗುವಷ್ಟು ಇಕ್ಕಟ್ಟಿನ ಜಾಗವಾದರೆ ಬೇರೆ ದಾರಿ ನೋಡಬೇಕು.

ಗೋಬರ್ ಗ್ಯಾಸ್: ದಿನಕ್ಕೆ ಸುಮಾರು 25 ಕಿಲೋ ಸೆಗಣಿಯಿಂದ ಒಂದು ಘನ ಮೀಟರ್ ಗ್ಯಾಸು ಸಿಗುತ್ತದೆ. ಹಟ್ಟಿಯ 15 ಲೀಟರ್ ನೀರಿಗೆ ಅದರ ಕಾಲು ಪಾಲೂ ಬೇಡ, ಉಳಿದದ್ದು ಅಡುಗೆಗೆ. ಜಾಗ ಇರುವವರು ಯೋಚಿಸಬಹುದು.

ಇಮ್ಮರ್ಶನ್ ರಾಡ್: ಬೆಲೆ ಕಡಿಮೆ, ಅಪಾಯ ಹೆಚ್ಚು. ರಾಡನ್ನು ನೀರಲ್ಲಿ ಇಳಿಸಿದ ಮೇಲೆಯೇ ಸ್ವಿಚ್ ಹಾಕಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. ಹಾಲಿನ ಕ್ಯಾನಿನಲ್ಲಿ ನೀರು ತುಂಬಿಸಿ ರಾಡ್ ಇಳಿಬಿಡುವುದು ಬೇಡವೇ ಬೇಡ. ಲೋಹದ ಪಾತ್ರೆ, ಒದ್ದೆ ನೆಲ, ಬರಿಗಾಲು ಮೂರೂ ಸೇರಿದರೆ ಜೀವ ಹೋಗಲು ಒಂದು ಕ್ಷಣ ಸಾಕು. ರಾಡನ್ನು ಹಟ್ಟಿಯೊಳಗೆ ಬಳಸಲೇಬೇಡಿ.

ನಲ್ಲಿಗೆ ಸಿಕ್ಕಿಸುವ ಗೀಸರ್: ಬಾಗಿಲಿಗೆ ಬರುವುದು ಹೆಚ್ಚಾಗಿ ಇದೇ. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಕೈಯೊಡ್ಡಲು ಹೇಳುತ್ತಾರೆ, ನೀರು ಸುಡುತ್ತದೆ. ನೀವು ಹೀಗೆ ಮಾಡಿ: ಹತ್ತು ಲೀಟರಿನ ಬಕೆಟ್ ತಂದಿಟ್ಟು, "ಇದನ್ನು ತುಂಬಿಸಿ ತೋರಿಸಿ" ಎನ್ನಿ, ಗಡಿಯಾರ ನೋಡಿ. 3,000 ವ್ಯಾಟಿನ ಯಂತ್ರ 60 ಡಿಗ್ರಿಯ ನೀರನ್ನು ನಿಮಿಷಕ್ಕೆ ಒಂದೂಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೊಡಬಲ್ಲದು. ಬಕೆಟ್ ತುಂಬಲು ಏಳೆಂಟು ನಿಮಿಷ ಬೇಕು. ಅದಕ್ಕಿಂತ ಬೇಗ ತುಂಬಿತೆಂದರೆ ನೀರು ಅಷ್ಟು ಬಿಸಿ ಇಲ್ಲ ಎಂದರ್ಥ. ಇನ್ನೊಂದು ಮಾತು: 3,000 ವ್ಯಾಟ್ ಎಂದರೆ 13 ಆಂಪ್. ಲೈಟು, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿನ ಸಾಕೆಟ್ ಇದನ್ನು ತಾಳುವುದಿಲ್ಲ, ಕರಗಿ ಸುಟ್ಟುಹೋಗುತ್ತದೆ. 16 ಆಂಪಿನ ದೊಡ್ಡ ಸಾಕೆಟ್, ಅದಕ್ಕೆ ತಕ್ಕ ವೈರು ಬೇರೆಯೇ ಎಳೆಸಬೇಕು. ಆ ಖರ್ಚನ್ನು ಮಾರುವವರು ಹೇಳುವುದಿಲ್ಲ.

ಟ್ಯಾಂಕ್ ಇರುವ ಗೀಸರ್: 15 ಅಥವಾ 25 ಲೀಟರಿನದ್ದು ಹಟ್ಟಿ ಮನೆಗೆ ಸರಿ ಹೊಂದುತ್ತದೆ. ಸ್ಟಾರ್ ಚೀಟಿ ನೋಡಿ ಕೊಳ್ಳಿ. ಸ್ಟಾರ್ ಹೆಚ್ಚಿದ್ದರೆ ಕಾದ ನೀರು ಬೇಗ ತಣಿಯುವುದಿಲ್ಲ. ಕರೆಂಟು ಉಳಿಯುವುದು ಅಲ್ಲಿ, ಕಾಯಿಸುವುದರಲ್ಲಿ ಅಲ್ಲ. ಹೊಳೆಬದಿಯ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದುಂಟು. ಉಪ್ಪುನೀರು ಟ್ಯಾಂಕನ್ನೂ ಕಡ್ಡಿಯನ್ನೂ ತಿನ್ನುತ್ತದೆ. ಟ್ಯಾಂಕಿನೊಳಗೆ ತುಕ್ಕು ತಡೆಯಲೆಂದು ಇರುವ ಆನೋಡ್ ಕಡ್ಡಿಯನ್ನು ವರ್ಷಕ್ಕೊಮ್ಮೆ ನೋಡಿಸಿ, ಸವೆದಿದ್ದರೆ ಬದಲಿಸಿ.

ಗ್ಯಾಸ್ ಗೀಸರ್: ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತದೆ ಎನ್ನುವಷ್ಟರಲ್ಲಿ ಎಚ್ಚರ ತಪ್ಪಿರುತ್ತದೆ. ನಮ್ಮ ರಾಜ್ಯದಲ್ಲಿಯೂ ಹೀಗೆ ಜೀವಗಳು ಹೋಗಿವೆ. ಹಾಕಿಸುವುದೇ ಆದರೆ ಯಂತ್ರ ಮತ್ತು ಸಿಲಿಂಡರ್ ಎರಡೂ ಬಚ್ಚಲ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ, ನೀರಿನ ಪೈಪು ಮಾತ್ರ ಒಳಗೆ ಬರಲಿ.

ಸೋಲಾರ್: ಬಿಸಿಲಿರುವ ತಿಂಗಳುಗಳಲ್ಲಿ ಒಳ್ಳೆಯದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಮೋಡದಲ್ಲಿ ಅದರಿಂದ ಕ್ಯಾನು ತೊಳೆಯುವಷ್ಟು ಬಿಸಿ ದಿನಾ ನಿರೀಕ್ಷಿಸಬೇಡಿ. "ವರ್ಷವಿಡೀ ಕರೆಂಟೇ ಬೇಡ" ಎಂದರೆ ನಂಬಬೇಡಿ. ಮಾಡು ಯಾವುದೆಂದೂ ನೋಡಬೇಕು. ಬಾಸೆಲ್ ಮಿಶನ್ 1865ರಲ್ಲಿ ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಹಾಕಿದಂದಿನಿಂದ ಈ ಹೊಳೆಬದಿ ಹೆಂಚಿಗೆ ಹೆಸರಾದದ್ದು, ಹೆಂಚಿನ ಮನೆಗಳು ಇಂದಿಗೂ ಇವೆ. ನೂರು ಲೀಟರ್ ಟ್ಯಾಂಕಿನಲ್ಲಿ ನೀರೇ ನೂರು ಕಿಲೋ ತೂಗುತ್ತದೆ. ಹೆಂಚಿನ ಮಾಡಿಗೆ ಅದನ್ನು ಹೊರಿಸಲಾಗದು, ಬೇರೆ ಸ್ಟ್ಯಾಂಡ್ ಬೇಕು. ತಣ್ಣೀರಿನ ಟ್ಯಾಂಕಿ ಅದಕ್ಕಿಂತಲೂ ಎತ್ತರದಲ್ಲಿರಬೇಕು. ಇವೆಲ್ಲದರ ಖರ್ಚು ಸೇರಿಸಿ ಬರೆದುಕೊಡಲು ಹೇಳಿ.

"ಸರ್ಕಾರದ ಸಬ್ಸಿಡಿ ಇದೆ, ಮುಂಗಡ ಕೊಡಿ" ಎಂದರೆ ಇನ್ನಷ್ಟು ಎಚ್ಚರ ಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಮಾಡಿನ ಮೇಲೆ ವಿದ್ಯುತ್ ತಯಾರಿಸುವ ಪ್ಯಾನೆಲ್‌ಗೆ, ನೀರು ಕಾಯಿಸುವ ಸೋಲಾರ್‌ಗೆ ಅಲ್ಲ. ಅದಕ್ಕೂ ಅರ್ಜಿ ಹಾಕುವುದು ಸರ್ಕಾರದ ಪೋರ್ಟಲ್‌ನಲ್ಲಿ, ಹಣ ಬರುವುದು ನೇರ ನಿಮ್ಮ ಬ್ಯಾಂಕ್ ಖಾತೆಗೆ.

ಹಟ್ಟಿಗೆ ಪೈಪು ಎಳೆಯುವ ಮೊದಲು

ಪಶುವೈದ್ಯಾಧಿಕಾರಿಯಾಗಿ ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇದು. ಗೀಸರಿನಿಂದ ಹಟ್ಟಿಗೆ ಲೋಹದ ಪೈಪು ಎಳೆದು, ಅರ್ತಿಂಗ್ ಸರಿಯಿಲ್ಲದಿದ್ದರೆ, ಕಡ್ಡಿ ಒಡೆದ ದಿನ ಕರೆಂಟು ನೀರಿನ ಜೊತೆ ಹಟ್ಟಿಗೆ ಬರುತ್ತದೆ. ಹಸು ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತಿರುತ್ತದೆ, ಮೂತಿ ನೀರಿನಲ್ಲಿರುತ್ತದೆ. ಮನುಷ್ಯರಿಗೆ ಗೊತ್ತೇ ಆಗದ ಸಣ್ಣ ಸೋರಿಕೆಯೂ ಅದಕ್ಕೆ ತಾಗುತ್ತದೆ. ಹೆಚ್ಚಾದರೆ ನಿಂತಲ್ಲೇ ಬಿದ್ದು ಸಾಯುತ್ತದೆ.

ಸಣ್ಣ ಸೋರಿಕೆಯ ಲಕ್ಷಣ ಹೀಗಿರಬಹುದು: ಹಸು ಹಟ್ಟಿಗೆ ಬರಲು ಹಿಂಜರಿಯುವುದು, ಹಾಲು ಕರೆಯುವಾಗ ಕಾಲು ಎತ್ತಿ ಎತ್ತಿ ಇಡುವುದು, ಬಾಯಾರಿದ್ದರೂ ನೀರಿಗೆ ಮೂತಿ ತಾಗಿಸಿ ಹಿಂದೆಗೆಯುವುದು, ಸೊರೆಬಿಡದಿರುವುದು. ಇದಕ್ಕೆ ಕೆಚ್ಚಲು ಬಾವು ಮೊದಲಾದ ಬೇರೆ ಕಾರಣಗಳೂ ಇರುತ್ತವೆ, ಆದ್ದರಿಂದ ನಮಗೆ ಹೇಳಿ. ಜೊತೆಗೆ ಎಲೆಕ್ಟ್ರಿಷಿಯನ್‌ರನ್ನೂ ಕರೆಸಿ.

ಮಾಡಬೇಕಾದದ್ದು ಮೂರು. ಮೈನ್ ಬೋರ್ಡಿನಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ತಾನಾಗಿ ಬೀಳುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಎರಡನೆಯದು, ಅರ್ತಿಂಗ್ ಪರೀಕ್ಷೆ ಮಾಡಿಸಿ. ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುವುದರಿಂದ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ. ಮೂರನೆಯದು, ಗೀಸರನ್ನು ಹಟ್ಟಿಯಲ್ಲಿ ಇಡಬೇಡಿ. ಬಚ್ಚಲಲ್ಲಿ ಕಾಯಿಸಿ ಬಕೆಟ್‌ನಲ್ಲಿ ತರುವುದೇ ಕ್ಷೇಮ.

ಹಸು ಶಾಕ್ ಹೊಡೆದು ಬಿದ್ದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಮೈನ್ ಆಫ್ ಮಾಡಿ. ಸತ್ತರೆ, ವಿಮೆ ಇದ್ದಲ್ಲಿ, ಕಳೇಬರ ಸಾಗಿಸುವ ಮೊದಲೇ ಪಶುವೈದ್ಯರಿಗೂ ವಿಮೆಯವರಿಗೂ ತಿಳಿಸಿ.

ಬಾಗಿಲಿಗೆ ಬಂದವರ ಹತ್ತಿರ ಹೇಗೆ ಮಾತಾಡುವುದು?

ಗೇಟಿನ ಹೊರಗೇ ಮಾತಾಡಿ. "ಗ್ಯಾಸ್ ಚೆಕಿಂಗ್", "ಮೆಸ್ಕಾಂ ಕಡೆಯಿಂದ", "ಹಾಲಿನ ಒಕ್ಕೂಟದಿಂದ ಕಳಿಸಿದ್ದಾರೆ" ಎಂದರೆ ಗುರುತಿನ ಚೀಟಿ ಕೇಳಿ, ಆಯಾ ಕಚೇರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಅವರು ಕೊಟ್ಟ ನಂಬರಿಗೆ ಅಲ್ಲ, ನಿಮ್ಮ ಬಿಲ್ಲಿನ ಮೇಲಿರುವ ನಂಬರಿಗೆ. ಮೆಸ್ಕಾಂ ಸಹಾಯವಾಣಿ 1912. ಒಕ್ಕೂಟದ ಹೆಸರು ಹೇಳಿದರೆ ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಿ.

ನೇರ ಮಾರಾಟದ ಕಂಪನಿಗಳಿಗೆ 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂಥ ಕಂಪನಿಯ ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳಿ ಒಪ್ಪಿಗೆ ಪಡೆಯದೆ ಮನೆಗೆ ಬರುವಂತಿಲ್ಲ. ತಾವು ಯಾರು, ಯಾವ ಕಂಪನಿ, ವಿಳಾಸ ಏನು ಎಂದು ಕೇಳದೆಯೇ ಹೇಳಬೇಕು. "ಹೇಳದೆ ಬಂದಿದ್ದೀರಿ, ಇವತ್ತು ಆಗುವುದಿಲ್ಲ" ಎನ್ನಲು ಹಿಂಜರಿಯಬೇಡಿ.

ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ವಿಳಾಸ, ಎಂಆರ್‌ಪಿ, ದೂರಿನ ನಂಬರು ಇದೆಯೇ ನೋಡಿ. ರಾಡ್ ಇರಲಿ, ಗೀಸರ್ ಇರಲಿ, ಐಎಸ್‌ಐ ಗುರುತು ಇರಲೇಬೇಕು. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿ ಆ ಸಂಖ್ಯೆ ಕೊಟ್ಟರೆ ಅದು ಯಾವ ಕಂಪನಿಯದ್ದೆಂದು ತೋರಿಸುತ್ತದೆ. ಮಕ್ಕಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಹೆಸರಾಂತ ಕಂಪನಿಯ ಹೆಸರಲ್ಲಿ ಒಂದಕ್ಷರ ಬದಲಿಸಿ ಮಾರುವುದೂ, ₹12,000 ಎಂದು ಚೀಟಿ ಅಂಟಿಸಿ "ನಿಮಗೆ ₹5,000" ಎನ್ನುವುದೂ ಹಳೆಯ ಉಪಾಯ.

ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಒಟಿಪಿ, ಖಾಲಿ ಚೆಕ್ಕು ಯಾವುದನ್ನೂ ಕೊಡಬೇಡಿ. "ಕಂತಿನಲ್ಲಿ ಕೊಟ್ಟರೆ ಸಾಕು" ಎಂದು ಸಹಿ ಹಾಕಿಸಿಕೊಳ್ಳುವ ಕಾಗದ ಹೆಚ್ಚಾಗಿ ಸಾಲದ ಕಾಗದ. ಯಂತ್ರ ಕೆಟ್ಟರೂ ಕಂತು ನಿಲ್ಲುವುದಿಲ್ಲ. ಅದೇ ಬ್ಯಾಗಿನಿಂದ "ಹಾಲು ಹೆಚ್ಚಿಸುವ ಪುಡಿ" ಹೊರಬಂದರೆ ಅದಕ್ಕೂ ಇದೇ ಉತ್ತರ. ಹಸುವಿಗೆ ಹಾಕುವ ಯಾವುದನ್ನೂ ಪಶುವೈದ್ಯರನ್ನು ಕೇಳದೆ ಹಾಕಬೇಡಿ.

"ಯಜಮಾನರನ್ನು ಕೇಳಬೇಕು" ಎಂದು ಹೇಳಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಹೇಳಿದರೆ ಅವರು ಸಂಜೆ ಮತ್ತೆ ಬರುತ್ತಾರೆ. ಅದರ ಬದಲು, "ಹಾಲಿನ ಹಣದ ಲೆಕ್ಕ ನೋಡುವುದು ನಾನೇ. ಬೆಲೆ, ಗ್ಯಾರಂಟಿ, ರಿಪೇರಿ ಮಾಡುವವರ ವಿಳಾಸ ಬರೆದುಕೊಟ್ಟು ಹೋಗಿ. ಅಂಗಡಿಯಲ್ಲಿ ವಿಚಾರಿಸಿ ಬೇಕಾದರೆ ಕರೆಯುತ್ತೇನೆ" ಎನ್ನಿ. ಇವತ್ತು ಇದ್ದ ನಿಜವಾದ ಬೆಲೆ ನಾಳೆಯೂ ಇರುತ್ತದೆ. ಬರೆದುಕೊಡಲು ಒಪ್ಪದವರಿಂದ ಏನನ್ನೂ ಕೊಳ್ಳಬೇಡಿ.

ಹಣ ಕೊಟ್ಟಾಗಿದ್ದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ಬಿಲ್ಲು ಕೊಡದಿರುವುದೂ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದಲ್ಲಿ, ಹಿಂದೆ ಪಡೆದು ಹಣ ಕೊಡಲು ನಿರಾಕರಿಸುವುದೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ಪೆಟ್ಟಿಗೆ, ಚೀಟಿ, ಹಣ ಕಳಿಸಿದ ಮೊಬೈಲ್ ದಾಖಲೆ ಎಲ್ಲ ಜೋಪಾನವಾಗಿಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕಂಪನಿ ಯಾವ ಊರಿನದ್ದಾದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದಿಲ್ಲ. ಒಟಿಪಿ ಕೊಟ್ಟು ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಒಬ್ಬರು ಸಿಕ್ಕಿಬಿದ್ದ ವಿಷಯ ಪಕ್ಕದ ಮನೆಗೆ ಗೊತ್ತಾದರೆ ಅವರ ಹಣವಾದರೂ ಉಳಿಯುತ್ತದೆ. ಹಾಲು ಹಾಕಲು ಹೋದಾಗ ನಾಲ್ಕು ಜನರಿಗೆ ಹೇಳಿ. ಸೊಸೈಟಿಯ ಗೋಡೆಯಲ್ಲಿ 1915, 1912, 1930 ಈ ಮೂರು ನಂಬರು ಬರೆಸಿಡಲು ಕಾರ್ಯದರ್ಶಿಯವರನ್ನು ಕೇಳಿ. ನಿಮ್ಮ ಮನೆಯ ಅರ್ತಿಂಗ್ ನೋಡಿಸಿ ವರ್ಷವಾಯಿತೆಂದಾದರೆ ಹೊಸ ಗೀಸರಿನ ಯೋಚನೆ ಪಕ್ಕಕ್ಕಿಟ್ಟು, ಈ ವಾರ ಅದನ್ನು ಮಾಡಿಸಿ.